ಆಲ್ಪ್ಸ್‌ನಲ್ಲಿ ಗುಂಪು ಬೈಕ್ ಪ್ರವಾಸ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಯುರೋಪಿನ ಬೆಟ್ಟಗಳಿಗೆ ಬೈಕ್ ಪ್ರವಾಸ ಹೊರಡುವ ನಮ್ಮ ಕಡೆಯ ಗುಂಪುಗಳು ಎಡವುವುದು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ. ಮೊದಲು ವಿಮಾನದ ಟಿಕೆಟ್ ತೆಗೆಯುತ್ತಾರೆ. ಆಮೇಲೆ ಆಸೆಪಟ್ಟ ದೊಡ್ಡ ಬೈಕ್ ಬುಕ್ ಮಾಡುತ್ತಾರೆ. ಅದಾದ ಮೇಲೆ ದಾರಿ ಹುಡುಕುತ್ತಾರೆ, ಕೊನೆಗೆ ವೀಸಾಕ್ಕೆ ಓಡುತ್ತಾರೆ. ಅಷ್ಟರಲ್ಲಿ ಘಾಟಿ ಇನ್ನೂ ಹಿಮದಲ್ಲಿ ಮುಚ್ಚಿರುತ್ತದೆ, ಇಲ್ಲವೇ ಗುಂಪಿನಲ್ಲಿ ಒಬ್ಬರ ಲೈಸೆನ್ಸ್ ನಡೆಯುವುದಿಲ್ಲ, ಅಥವಾ ತಪ್ಪು ದೇಶದ ವೀಸಾಕ್ಕೆ ಅರ್ಜಿ ಹೋಗಿರುತ್ತದೆ.

ಸರಿಯಾದ ಕ್ರಮ ಹೀಗೆ: ಜನ, ತಿಂಗಳು, ದಾರಿ, ಬೈಕ್, ವೀಸಾ, ಕೊನೆಗೆ ಟಿಕೆಟ್. ಉದಾಹರಣೆಗೆ ಒಂದೇ ದಾರಿಯನ್ನು ಇಟ್ಟುಕೊಂಡಿದ್ದೇನೆ. ಜರ್ಮನಿಯ ಮ್ಯೂನಿಕ್‌ನಿಂದ ಹೊರಟು, ಆಸ್ಟ್ರಿಯಾ ದಾಟಿ, ಇಟಲಿಯ ಸ್ಟೆಲ್ವಿಯೊ ಘಾಟಿ ಮತ್ತು ಡೊಲೊಮೈಟ್ಸ್ ಬೆಟ್ಟಸಾಲು ನೋಡಿ, ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ಬೆಟ್ಟದ ರಸ್ತೆ ಹತ್ತಿ ಇಳಿದು ಮತ್ತೆ ಮ್ಯೂನಿಕ್. ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಸುತ್ತು ಇಲ್ಲ ಅಂತ ನನ್ನ ಲೆಕ್ಕ.

## ಹಂತ 1: ಯಾರು ಬರುತ್ತಾರೆ, ಅವರಿಗೆ ಏನು ಬರುತ್ತದೆ

ಆರು ಬೈಕ್ ಚೆನ್ನ. ಎಂಟರವರೆಗೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಜನ ಇದ್ದರೆ ಎರಡು ಗುಂಪು ಮಾಡಿ, ಅರ್ಧ ಗಂಟೆ ಅಂತರದಲ್ಲಿ ಹೊರಡಿ, ರಾತ್ರಿ ಒಂದೇ ಹೋಟೆಲಿನಲ್ಲಿ ಸೇರಿ. ಹನ್ನೆರಡು ಬೈಕ್ ಸಾಲಾಗಿ ಹೋದರೆ ಪ್ರತಿ ಪೆಟ್ರೋಲ್ ಬಂಕಿನಲ್ಲೂ ಮುಕ್ಕಾಲು ಗಂಟೆ ಹೋಗುತ್ತದೆ.

ಹಣದ ಮಾತಿಗಿಂತ ಮುಂಚೆ ಎಲ್ಲರ ಲೈಸೆನ್ಸ್ ಮೇಜಿನ ಮೇಲೆ ಇಡಿಸಿ. ಡಿಎಲ್‌ನಲ್ಲಿ ಗೇರ್ ಇರುವ ಬೈಕಿನ ವರ್ಗ, ಅಂದರೆ ಎಂಸಿಡಬ್ಲ್ಯೂಜಿ ಇರಲೇಬೇಕು. ಕಾರಿನ ಲೈಸೆನ್ಸ್ ಮಾತ್ರ ಇಟ್ಟುಕೊಂಡು ವರ್ಷಗಟ್ಟಲೆ ಬೈಕ್ ಓಡಿಸಿದವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ, ಅಲ್ವಾ? ಅವರಿಗೆ ಅಲ್ಲಿ ಬಾಡಿಗೆ ಬೈಕ್ ಸಿಗುವುದಿಲ್ಲ. ಡಿಎಲ್ ಸರಿ ಇದ್ದರೆ ಆರ್‌ಟಿಓದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಅದು ಒಂದು ವರ್ಷ ನಡೆಯುತ್ತದೆ. ಅದು ಡಿಎಲ್ ಜೊತೆ ತೋರಿಸುವ ಕಾಗದವೇ ಹೊರತು ಡಿಎಲ್‌ಗೆ ಬದಲಿ ಅಲ್ಲ. ಎರಡೂ ಜೇಬಿನಲ್ಲಿರಬೇಕು.

ಜರ್ಮನಿಯಲ್ಲೇ ಕೆಲಸದಲ್ಲಿರುವ ಕನ್ನಡದ ಗೆಳೆಯರು ಸೇರಿಕೊಳ್ಳುವುದಾದರೆ ಅವರ ಲೆಕ್ಕ ಬೇರೆ. ಅಲ್ಲಿ ನೆಲೆಸಿದ ಆರು ತಿಂಗಳ ನಂತರ ಭಾರತದ ಲೈಸೆನ್ಸ್ ನಡೆಯುವುದಿಲ್ಲ, ಜರ್ಮನ್ ಲೈಸೆನ್ಸ್‌ನಲ್ಲಿ ಎ ವರ್ಗ ಬೇಕು. ಕಾರಿನ ಲೈಸೆನ್ಸ್‌ಗೆ ಸೇರಿಸಿಕೊಡುವ ಬಿ196 ಅನ್ನುವ ಅನುಮತಿ 125 ಸಿಸಿ ಬೈಕಿಗೆ ಮಾತ್ರ. ಅದೂ ಜರ್ಮನಿಯ ಗಡಿಯೊಳಗೆ ಮಾತ್ರ. ಆಸ್ಟ್ರಿಯಾ ಗಡಿ ದಾಟಿದರೆ ಅದಕ್ಕೆ ಬೆಲೆ ಇಲ್ಲ.

ಇನ್ನು ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡಿಸುವವರು ಯಾರು ಅಂತ ಮುಖಾಮುಖಿ ಮಾತಾಡಿಕೊಳ್ಳಿ. ಇಡೀ ಪ್ರವಾಸದ ವೇಗ ಅವರದ್ದೇ. ಈ ಮಾತು ಇಲ್ಲಿ ಮುಜುಗರ ಅನ್ನಿಸಿ ಮುಂದೂಡಿದರೆ 2000 ಮೀಟರ್ ಎತ್ತರದಲ್ಲಿ ಜಗಳವಾಗಿ ಹೊರಬರುತ್ತದೆ. ಹಿಂದೆ ಹೆಂಡತಿಯನ್ನೋ ಗಂಡನನ್ನೋ ಕೂರಿಸಿಕೊಂಡು ಬರುವವರನ್ನೂ ನಿಧಾನದವರ ಲೆಕ್ಕಕ್ಕೇ ಸೇರಿಸಿ.

ಕೊನೆಗೆ ಮೂರು ಕೆಲಸ ಹಂಚಿ. ಮುಂದೆ ದಾರಿ ತೋರಿಸುವ ಲೀಡ್, ಕೊನೆಯಲ್ಲಿ ಬರುವ ಸ್ವೀಪ್, ಖರ್ಚಿನ ಲೆಕ್ಕ ಇಡುವವರು. ಮೂರೂ ಒಬ್ಬರೇ ಆಗುವುದು ಬೇಡ.

## ಹಂತ 2: ತಿಂಗಳು ನಿರ್ಧರಿಸಿ

ಎತ್ತರದ ಘಾಟಿಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ. ಗ್ರೋಸ್‌ಗ್ಲಾಕ್ನರ್ ರಸ್ತೆ ಸಾಮಾನ್ಯವಾಗಿ ಮೇ ಮೊದಲ ವಾರಗಳಲ್ಲಿ ತೆರೆಯುತ್ತದೆ. ಸ್ಟೆಲ್ವಿಯೊ ಮತ್ತು ಟಿಮ್ಮೆಲ್ಸ್‌ಯೋಖ್ ಘಾಟಿಗಳು ತೆರೆಯುವಾಗ ಮೇ ಕೊನೆ, ಇಲ್ಲವೇ ಜೂನ್ ಆಗಿರುತ್ತದೆ. ಹಿಮ ಜಾಸ್ತಿ ಬಿದ್ದ ವರ್ಷ ಇನ್ನೂ ತಡ. ಏಪ್ರಿಲ್ ಮೇ ನಮ್ಮ ಮಕ್ಕಳ ರಜೆ ಅಂತ ಆ ತಿಂಗಳು ಹಿಡಿದರೆ ಕಣಿವೆಯಲ್ಲೇ ಸುತ್ತಾಡಿ ಬರಬೇಕಾಗುತ್ತದೆ.

ಜೂನ್ ಮಧ್ಯದಿಂದ ಜುಲೈ ಮಧ್ಯ ಒಳ್ಳೆಯದು. ಸೆಪ್ಟೆಂಬರ್ ಮೊದಲ ಎರಡು ವಾರ ಇನ್ನೂ ಒಳ್ಳೆಯದು. ಆಗಸ್ಟ್ ಬೇಡ. ಆಗಸ್ಟ್ 15 ಇಟಲಿಯಲ್ಲೂ ದೊಡ್ಡ ರಜೆ, ಅದರ ಆಚೀಚೆ ಇಡೀ ದೇಶ ಬೆಟ್ಟಕ್ಕೆ ಬಂದಿರುತ್ತದೆ. ರೂಮಿನ ಬೆಲೆಯೂ ಏರಿರುತ್ತದೆ.

ದಿನಾಂಕ ಗಟ್ಟಿ ಮಾಡುವ ಮುಂಚೆ ಸೈಕಲ್ ಹಬ್ಬಗಳ ಪಟ್ಟಿ ನೋಡಿ. ಇದು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಡೊಲೊಮೈಟ್ಸ್‌ನಲ್ಲಿ ಸೆಲ್ಲಾರೊಂಡಾ ಬೈಕ್ ಡೇ ದಿನ ಸೆಲ್ಲಾ ಬೆಟ್ಟದ ಸುತ್ತಲಿನ ಘಾಟಿಗಳನ್ನು ಮೋಟಾರು ವಾಹನಗಳಿಗೆ ಮುಚ್ಚುತ್ತಾರೆ. ಹೆಸರಿನಲ್ಲಿರುವ ಬೈಕ್ ಅಂದರೆ ಸೈಕಲ್, ನಮ್ಮದಲ್ಲ. ಜುಲೈ ಮೊದಲ ವಾರದ ಆಸುಪಾಸಿನ ಭಾನುವಾರ ಅಲ್ಲೇ ಮಾರಾಟೋನಾ ಸೈಕಲ್ ಸ್ಪರ್ಧೆ ಇರುತ್ತದೆ. ಸ್ಟೆಲ್ವಿಯೊಗೂ ಇಂಥದೇ ಒಂದು ದಿನ ಇದೆ.

## ಹಂತ 3: ದಾರಿಯನ್ನು ಗಂಟೆಯಲ್ಲಿ ಅಳೆಯಿರಿ

ಬೆಂಗಳೂರು–ಗೋವಾ ಒಂದೇ ದಿನದಲ್ಲಿ ಹೊಡೆದವರು ಇಲ್ಲಿಯೂ ದಿನಕ್ಕೆ 400 ಕಿ.ಮೀ. ಬರೆದುಕೊಂಡು ಬರುತ್ತಾರೆ. ಹೇರ್‌ಪಿನ್ ರಸ್ತೆಯಲ್ಲಿ ಗುಂಪಿನ ಸರಾಸರಿ ಗಂಟೆಗೆ 35–40 ಕಿ.ಮೀ. ಅಂತ ಹಿಡಿಯಿರಿ. ಊಟ, ಫೋಟೋ, ಪೆಟ್ರೋಲ್ ಸೇರಿಸಿದರೆ ದಿನಕ್ಕೆ 150ರಿಂದ 200 ಕಿ.ಮೀ. ಸಾಕು ಸಾಕು. 250 ಮೀರಿದರೆ ಕೊನೆಯ ಒಂದು ಗಂಟೆ ಯಾರೂ ಬೆಟ್ಟ ನೋಡುವುದಿಲ್ಲ. ಮುಂದಿನ ಬೈಕಿನ ಹಿಂದಿನ ದೀಪವನ್ನಷ್ಟೇ ನೋಡುತ್ತಾರೆ.

ನನ್ನ ಸುತ್ತು ಹೀಗಿದೆ.

ಬಂದಿಳಿದ ದಿನ: ಮ್ಯೂನಿಕ್. ಬೈಕ್ ಮುಟ್ಟಬೇಡಿ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದ ಕಣ್ಣಿಗೆ ಬಲಬದಿಯ ರಸ್ತೆ ಅಪಾಯ.

1ನೇ ದಿನ: ಮಿಟ್ಟೆನ್‌ವಾಲ್ಡ್, ಸೇಫೆಲ್ಡ್ ದಾಟಿ ಆಸ್ಟ್ರಿಯಾದ ಓಟ್ಸ್ ಕಣಿವೆ. ಬೇಕೆಂದೇ ಚಿಕ್ಕ ದಿನ. ಬೈಕ್ ಪಡೆಯುವಷ್ಟರಲ್ಲಿ ಬೆಳಗ್ಗೆ ಕಳೆದಿರುತ್ತದೆ. ಸೇಫೆಲ್ಡ್‌ನಿಂದ ಜಿರ್ಲ್ ಕಡೆಗೆ ಇಳಿಯುವ ರಸ್ತೆ ಕಡಿದಾಗಿದೆ, ಅಲ್ಲಿ ಗೇರ್ ಇಳಿಸಿಯೇ ಇಳಿಯಿರಿ.

2ನೇ ದಿನ: ಟಿಮ್ಮೆಲ್ಸ್‌ಯೋಖ್, 2474 ಮೀಟರ್. ಸುಂಕದ ರಸ್ತೆ, ರಾತ್ರಿ ಮುಚ್ಚುತ್ತಾರೆ. ಇಳಿದರೆ ಇಟಲಿಯ ಮೆರಾನೊ. ಅಲ್ಲಿಂದ ಸೇಬಿನ ತೋಟಗಳ ನಡುವೆ ಪ್ರಾಡ್ ಊರಿಗೆ. ಪ್ರಾಡ್‌ನಲ್ಲಿ ಎರಡು ರಾತ್ರಿ.

3ನೇ ದಿನ: ಸ್ಟೆಲ್ವಿಯೊ. ಪ್ರಾಡ್‌ನಿಂದ ತುದಿಗೆ 24 ಕಿ.ಮೀ. ಸ್ವಲ್ಪ ಜಾಸ್ತಿ, ಎತ್ತರ 2757 ಮೀಟರ್, ಸಂಖ್ಯೆ ಬರೆದ 48 ಹೇರ್‌ಪಿನ್. ಲಗೇಜ್ ಎಲ್ಲ ಹೋಟೆಲಿನಲ್ಲೇ ಬಿಟ್ಟು ಹೋಗಿ. ಇಳಿಯುವಾಗ ಅದೇ ದಾರಿ ಬೇಡ. ಬೊರ್ಮಿಯೊ ಕಡೆ ಸುಮಾರು ಮೂರು ಕಿ.ಮೀ. ಇಳಿದು ಊಂಬ್ರೈಲ್ ಘಾಟಿಯಿಂದ ಸ್ವಿಟ್ಜರ್ಲೆಂಡಿನ ಸಾಂತಾ ಮರಿಯಾಗೆ ಬನ್ನಿ. ಅಲ್ಲಿಂದ ಮತ್ತೆ ಇಟಲಿಯ ಗ್ಲುರ್ನ್ಸ್, ಪ್ರಾಡ್. ಅರ್ಧ ದಿನದ ಕೆಲಸ. ಉಳಿದರ್ಧ ದಿನ ವಿಶ್ರಾಂತಿ.

4ನೇ ದಿನ: ಬೊಲ್ಜಾನೊ ಮೇಲೆ ಡೊಲೊಮೈಟ್ಸ್‌ನ ಕೊರ್ವಾರಾಗೆ. ಅಲ್ಲಿ ಮೂರು ರಾತ್ರಿ.

5 ಮತ್ತು 6ನೇ ದಿನ: ಒಂದು ದಿನ ಕಾಂಪೊಲೊಂಗೊ, ಪೋರ್ದೋಯಿ, ಸೆಲ್ಲಾ, ಗಾರ್ದೆನಾ ಈ ನಾಲ್ಕು ಘಾಟಿಗಳ ಸುತ್ತು. ದೂರ 60 ಕಿ.ಮೀ. ಒಳಗೇ, ಆದರೂ ಅರ್ಧ ದಿನ ಹಿಡಿಯುತ್ತದೆ. ಇನ್ನೊಂದು ದಿನ ಫಾಲ್ಜಾರೇಗೊ ಮತ್ತು ಜಾವ್. ಮಳೆ ಬಂದರೆ ಎರಡರಲ್ಲಿ ಒಂದನ್ನು ಬಿಡಿ. ಈ ಖಾಲಿ ಜಾಗ ಇಲ್ಲದ ಯೋಜನೆ ಒಂದು ಗುಡುಗು ಮಳೆಗೆ ಕುಸಿಯುತ್ತದೆ.

7ನೇ ದಿನ: ಲೀನ್ಜ್, ಹೈಲಿಗೆನ್‌ಬ್ಲುಟ್, ಗ್ರೋಸ್‌ಗ್ಲಾಕ್ನರ್ ರಸ್ತೆ, ಸೆಲ್ ಆಮ್ ಸೇ. ಉದ್ದದ ದಿನ, ಬೆಳಗ್ಗೆ ಏಳಕ್ಕೇ ಹೊರಡಬೇಕು. ಈ ರಸ್ತೆಯ ಹೋಖ್‌ಟೋರ್ ಎನ್ನುವ ಜಾಗ 2504 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನ ಗುಡುಗು ಅಂತ ಮುನ್ಸೂಚನೆ ಇದ್ದರೆ ಲೀನ್ಜ್‌ನಲ್ಲೇ ತಂಗಿ, ಮರುದಿನ ಬೆಳಗ್ಗೆ ಹತ್ತಿ.

8ನೇ ದಿನ: ಗೆರ್ಲೋಸ್, ಆಖೆನ್ ಸರೋವರ, ಟೇಗರ್ನ್ ಸರೋವರದ ಮೇಲೆ ಮ್ಯೂನಿಕ್. ಬೈಕ್ ಮರಳಿಸುವುದು ಮರುದಿನ.

ದಾರಿ ಗುರುತು ಹಾಕಲು ಗೂಗಲ್ ಮ್ಯಾಪ್ಸ್ ಒಂದನ್ನೇ ನಂಬಬೇಡಿ. ಅದು ಬೇಗ ತಲುಪಿಸುವ ಹೆದ್ದಾರಿ, ಸುರಂಗಗಳಿಗೆ ತಳ್ಳುತ್ತದೆ. ಕುರ್ವಿಗರ್, ಕಾಲಿಮೋಟೊದಂಥ ಬೈಕಿನವರದ್ದೇ ಆ್ಯಪ್‌ಗಳಲ್ಲಿ ದಾರಿ ಮಾಡಿ. ಆ ದಾರಿ ಇರುವ ಜಿಪಿಎಕ್ಸ್ ಫೈಲನ್ನು ಲೀಡ್‌ಗೆ ಮಾತ್ರ ಅಲ್ಲ, ಎಲ್ಲರ ಫೋನಿಗೂ ಹಾಕಿ. ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ಸಾಂತಾ ಮರಿಯಾ ಹತ್ತಿರ ಫೋನು ಸ್ವಿಸ್ ನೆಟ್‌ವರ್ಕಿಗೆ ಹಾರುತ್ತದೆ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ. ಹಾಗಾಗಿ ಒಕ್ಕೂಟದ ಸಿಮ್ ಹಾಕಿಕೊಂಡವರಿಗೆ ರೋಮಿಂಗ್ ಬಿಲ್ ಬೀಳಬಹುದು. ಊಂಬ್ರೈಲ್ ಹತ್ತಿರ ಬಂದಾಗ ಡೇಟಾ ಆಫ್ ಮಾಡಿ.

ಒಂದು ಎಚ್ಚರಿಕೆ. ಆಸ್ಟ್ರಿಯಾದ ಟಿರೋಲ್‌ನಲ್ಲಿ ರೊಯ್ಟೆ ಜಿಲ್ಲೆಯ ಕೆಲವು ರಸ್ತೆಗಳಲ್ಲಿ 2020ರಿಂದ ಬೇಸಿಗೆಯಲ್ಲಿ ಜೋರು ಸದ್ದಿನ ಬೈಕಿಗೆ ನಿಷೇಧ ಇದೆ. ನಿಂತಾಗಿನ ಸದ್ದು 95 ಡೆಸಿಬಲ್ ಮೀರಬಾರದು. ನೋಡುವುದು ಬೈಕಿನ ನೋಂದಣಿ ಪತ್ರದಲ್ಲಿ ಯು.1 ಎಂಬ ಜಾಗದಲ್ಲಿ ಬರೆದ ಅಂಕಿಯನ್ನು. ನಿಮ್ಮ ಬೈಕ್ ಆವತ್ತು ಮೆಲ್ಲಗೆ ಹೋಗುತ್ತಿದ್ದರೂ ಲೆಕ್ಕಕ್ಕಿಲ್ಲ. ಮೇಲಿನ ಸುತ್ತು ಆ ಜಿಲ್ಲೆಯನ್ನು ಮುಟ್ಟುವುದಿಲ್ಲ. ಲೆಖ್ ಕಣಿವೆಯನ್ನೋ ಹಾನ್‌ಟೆನ್‌ಯೋಖ್ ಘಾಟಿಯನ್ನೋ ಸೇರಿಸುವ ಆಸೆ ಇದ್ದರೆ ಬೈಕ್ ಆರಿಸುವಾಗಲೇ ಆ ಅಂಕಿ ಕೇಳಿ.

## ಹಂತ 4: ಬೈಕ್ ಬಾಡಿಗೆ

ಇಲ್ಲಿ ಆಸೆ ಬುದ್ಧಿಯನ್ನು ಸೋಲಿಸುತ್ತದೆ. ಎಲ್ಲರಿಗೂ ಬಿಎಂಡಬ್ಲ್ಯೂ ಜಿಎಸ್ ಬೇಕು. ಆರ್ 1250 ಜಿಎಸ್ ಸುಮಾರು 249 ಕಿಲೋ, 136 ಕುದುರೆಶಕ್ತಿ. ನಮ್ಮ ಹಿಮಾಲಯನ್ 450 ಸುಮಾರು 196 ಕಿಲೋ, 40 ಕುದುರೆಶಕ್ತಿ. ವ್ಯತ್ಯಾಸ ಗೊತ್ತಾಗುವುದು ನೇರ ರಸ್ತೆಯಲ್ಲಿ ಅಲ್ಲ. ಏರಿನ ಹೇರ್‌ಪಿನ್‌ನಲ್ಲಿ ಎಂಜಿನ್ ಆಫ್ ಆಗಿ, ಕಾಲು ನೆಲಕ್ಕೆ ಸಿಗದೆ, ಲಗೇಜ್ ಸಮೇತ ಬೈಕ್ ವಾಲತೊಡಗಿದಾಗ ಗೊತ್ತಾಗುತ್ತದೆ. ಒಬ್ಬರೇ ಓಡಿಸುವುದಾದರೆ 650ರಿಂದ 900 ಸಿಸಿ ಒಳಗಿನ, ಎರಡೂ ಪಾದ ನೆಲ ಮುಟ್ಟುವ ಬೈಕ್ ತೆಗೆದುಕೊಳ್ಳಿ. ಘಾಟಿಯಲ್ಲಿ ಅದೇ ಮುಂದೆ ಹೋಗುತ್ತದೆ.

ಬಾಡಿಗೆ ಕಂಪನಿಗೆ ಈ ಪ್ರಶ್ನೆಗಳನ್ನು ಇಮೇಲ್‌ನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ:

- ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್ ಮೂರಕ್ಕೂ ಒಯ್ಯಲು ಅನುಮತಿ ಇದೆಯೇ?
- ದಿನಕ್ಕೆ ಎಷ್ಟು ಕಿ.ಮೀ. ಉಚಿತ, ಮೀರಿದರೆ ಎಷ್ಟು?
- ಬೈಕ್ ಬಿದ್ದರೆ ನಮ್ಮ ಕೈಯಿಂದ ಕಟ್ಟಬೇಕಾದ ಗರಿಷ್ಠ ಮೊತ್ತ ಎಷ್ಟು?
- ಲೈಸೆನ್ಸ್ ಸಿಕ್ಕಿ ಎಷ್ಟು ವರ್ಷ ಆಗಿರಬೇಕು, ವಯಸ್ಸಿನ ಮಿತಿ ಏನು?
- ಆಸ್ಟ್ರಿಯಾ ಹೆದ್ದಾರಿಯ ವಿನ್ಯೆಟ್ (ಸುಂಕದ ಚೀಟಿ) ಬೈಕಿಗೆ ಇದೆಯೇ? ಅಲ್ಲಿ ಬೈಕಿಗೂ ಕಡ್ಡಾಯವಾದ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಕೊಡುತ್ತೀರಾ?
- ಶನಿವಾರ ಎಷ್ಟು ಗಂಟೆಗೆ ಬಾಗಿಲು ಹಾಕುತ್ತೀರಿ? ಭಾನುವಾರ ಬಹುತೇಕ ರಜೆ.

ಠೇವಣಿ ಹಿಡಿಯುವುದು ಕ್ರೆಡಿಟ್ ಕಾರ್ಡಿನಲ್ಲಿ. ಡೆಬಿಟ್ ಕಾರ್ಡ್ ಸಾಮಾನ್ಯವಾಗಿ ನಡೆಯುವುದಿಲ್ಲ. ಓಡಿಸುವವರ ಹೆಸರಿನದ್ದೇ ಕಾರ್ಡ್ ಬೇಕು ಅನ್ನುವುದೂ ಉಂಟು. ಹೊರಡುವ ವಾರ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ಆನ್ ಮಾಡಿ, ಮಿತಿ ಏರಿಸಿ. ಕೌಂಟರ್ ಮುಂದೆ ಒಟಿಪಿಗೆ ಕಾಯುವ ಫಜೀತಿ ಬೇಡ.

ಈ ಹಂತದಲ್ಲಿ ಬೈಕೂ ರೂಮೂ ದುಡ್ಡು ಕಳೆಯದೆ ರದ್ದು ಮಾಡಬಹುದಾದ ರೀತಿಯಲ್ಲೇ ಬುಕ್ ಮಾಡಿ. ವೀಸಾ ಇನ್ನೂ ಕೈಯಲ್ಲಿಲ್ಲ.

## ಹಂತ 5: ವೀಸಾ ಮತ್ತು ವಿಮೆ

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ. ವಿಮಾನ ಇಳಿಯುವ ದೇಶಕ್ಕೆ ಅಲ್ಲ. ರಾತ್ರಿಗಳು ಸಮ ಬಂದಾಗ ಮಾತ್ರ ಮೊದಲು ಕಾಲಿಡುವ ದೇಶ. ಈಗ ಮೇಲಿನ ಸುತ್ತಿನ ರಾತ್ರಿಗಳನ್ನು ಎಣಿಸಿ: ಜರ್ಮನಿ ಎರಡು, ಆಸ್ಟ್ರಿಯಾ ಎರಡು, ಇಟಲಿ ಐದು. ಇಳಿಯುವುದೂ ಹೊರಡುವುದೂ ಮ್ಯೂನಿಕ್‌ನಲ್ಲೇ ಆದರೂ ವೀಸಾ ಇಟಲಿಯದ್ದು. ದಾರಿ ಮೊದಲು, ವೀಸಾ ಆಮೇಲೆ ಅಂದದ್ದು ಇದಕ್ಕೇ.

ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ. ಆ ಗಡುವನ್ನು ನಂಬಿ ಕೂತರೆ ಕೆಟ್ಟಿರಿ. ಬೇಸಿಗೆಯ ಅಪಾಯಿಂಟ್‌ಮೆಂಟ್‌ಗಳು ಬೇಗ ತುಂಬುತ್ತವೆ. ಜೂನ್ ಕೊನೆಯ ಪ್ರವಾಸಕ್ಕೆ ಫೆಬ್ರವರಿ, ಮಾರ್ಚ್‌ನಲ್ಲೇ ಕೆಲಸ ಶುರುವಾಗಲಿ. ಗುಂಪಿನ ಎಲ್ಲರ ದಿನಚರಿ, ಹೋಟೆಲ್ ಹೆಸರು, ದಿನಾಂಕ ಒಂದೇ ರೀತಿ ಇರಬೇಕು. ಒಬ್ಬರ ಕಾಗದದಲ್ಲಿ ಪ್ರಾಡ್, ಇನ್ನೊಬ್ಬರದ್ದರಲ್ಲಿ ಬೊರ್ಮಿಯೊ ಇದ್ದರೆ ಸುಮ್ನೆ ಅನುಮಾನ.

ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಬಹಳ ಜನ ಅಲ್ಲಿಗೇ ನಿಲ್ಲುತ್ತಾರೆ. ಪಾಲಿಸಿಯ ಸಣ್ಣ ಅಕ್ಷರ ಓದಿ. ದ್ವಿಚಕ್ರ ವಾಹನ ಓಡಿಸುವಾಗ ಆದ ಅಪಘಾತವನ್ನು ಹೊರಗಿಟ್ಟ ಪಾಲಿಸಿಗಳಿವೆ. ಇಂತಿಷ್ಟು ಸಿಸಿ ಮೇಲೆ ಇಲ್ಲ ಅನ್ನುವವೂ ಇವೆ. ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸುವ ಖರ್ಚು ಸೇರಿದೆಯೇ ಅನ್ನುವುದು ಇನ್ನೊಂದು ಪ್ರಶ್ನೆ. ಎರಡಕ್ಕೂ ಲಿಖಿತ ಉತ್ತರ ಪಡೆಯಿರಿ.

ವೀಸಾ ಬಂತೇ? ಈಗ ಟಿಕೆಟ್.

## ಹಂತ 6: ತಂಗುವುದು, ತಿನ್ನುವುದು

ಬೈಕಿನವರಿಗೇ ಅಂತ ಇರುವ ಹೋಟೆಲ್‌ಗಳು ಈ ಭಾಗದಲ್ಲಿ ತುಂಬಾ ಇವೆ. ಗ್ಯಾರೇಜ್, ಒದ್ದೆ ಬಟ್ಟೆ ಒಣಗಿಸುವ ಕೋಣೆ, ಸಣ್ಣ ರಿಪೇರಿಗೆ ಟೂಲ್ಸ್ ಇರುತ್ತವೆ. ಒಣಗಿಸುವ ಕೋಣೆ ಇದೆಯೇ ಅಂತ ಮೊದಲೇ ಕೇಳಿ, ಒದ್ದೆ ಬೂಟಿನಲ್ಲಿ ಮರುದಿನ ಹೊರಡುವುದು ನರಕ. ಉಪಾಹಾರ ಮತ್ತು ರಾತ್ರಿ ಊಟ ಸೇರಿದ ದರ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಹಳ್ಳಿಗಳಲ್ಲಿ ಅಡುಗೆಮನೆ ಬೇಗ ಮುಚ್ಚುತ್ತದೆ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಬರೆದು ತಿಳಿಸಲಿ. ಸೂಪ್ ತರಕಾರಿಯದ್ದು ಅಂದರೂ ಅದರ ನೀರು ದನದ ಮಾಂಸ ಬೇಯಿಸಿದ್ದು ಇರಬಹುದು. ಕ್ನೋಡೆಲ್ ಎಂಬ ಉಂಡೆಯಲ್ಲಿ ಸ್ಪೆಕ್ ಇದ್ದರೆ ಅದು ಹಂದಿಮಾಂಸ. ಪಾಲಕ್ ಅಥವಾ ಚೀಸ್ ಉಂಡೆ ಕೇಳಿ. ಭಾನುವಾರ ಜರ್ಮನಿ, ಆಸ್ಟ್ರಿಯಾದಲ್ಲಿ ಅಂಗಡಿ ಮುಚ್ಚಿರುತ್ತವೆ. ಶನಿವಾರವೇ ಹಣ್ಣು, ಬ್ರೆಡ್ ಕೊಂಡುಕೊಳ್ಳಿ. ಚಟ್ನಿಪುಡಿ ಡಬ್ಬಿ ಒಯ್ಯಿರಿ ಅಂತ ಬೇರೆ ಹೇಳಬೇಕಿಲ್ಲ.

## ಹಂತ 7: ಬಟ್ಟೆ ಮತ್ತು ಸಾಮಾನು

ಪ್ರತಿ 1000 ಮೀಟರ್ ಏರಿಗೆ ಸುಮಾರು 6.5 ಡಿಗ್ರಿ ತಾಪಮಾನ ಇಳಿಯುತ್ತದೆ. ಪ್ರಾಡ್ 900 ಮೀಟರ್ ಆಸುಪಾಸಿನಲ್ಲಿದೆ. ಅಲ್ಲಿ ಬೆಳಗ್ಗೆ 14 ಡಿಗ್ರಿ ಇದ್ದರೆ ಸ್ಟೆಲ್ವಿಯೊ ತುದಿಯಲ್ಲಿ ಎರಡೋ ಮೂರೋ. ಮೇಲೆ ಗಾಳಿ ಬೇರೆ. ಜುಲೈನಲ್ಲೂ ಹಿಮ ಬೀಳುವುದುಂಟು.

ದಪ್ಪ ಜಾಕೆಟ್ ಒಂದಕ್ಕಿಂತ ಪದರಗಳು ಮೇಲು: ಒಳಗೆ ಉಣ್ಣೆಯ ಬನಿಯನ್, ಮೇಲೆ ರೈಡಿಂಗ್ ಜಾಕೆಟ್, ಅದರ ಮೇಲೆ ಹಾಕುವ ಮಳೆ ಸೂಟ್. ಗ್ಲೌಸ್ ಎರಡು ಜೊತೆ, ಒಂದು ನೀರು ಇಳಿಯದ್ದು. ಬೆರಳು ಮರಗಟ್ಟಿದರೆ ಬ್ರೇಕಿನ ಹದ ಗೊತ್ತಾಗುವುದಿಲ್ಲ. ಕಪ್ಪು ವೈಸರ್ ಬೇಡ, ಬೆಳಕಿಲ್ಲದ ಸುರಂಗಗಳಿವೆ. ಹೆಲ್ಮೆಟ್ ಊರಿಂದಲೇ ಒಯ್ಯಿರಿ, ಬಾಡಿಗೆಯ ಹೆಲ್ಮೆಟ್ ಸರಿಹೊಂದದಿದ್ದರೆ ಎರಡನೇ ಗಂಟೆಗೇ ತಲೆನೋವು. ಫ್ರಾನ್ಸ್‌ಗೂ ಹೋಗುವುದಾದರೆ ಅಲ್ಲಿ ಸಿಇ ಗುರುತಿನ ಗ್ಲೌಸ್ ಮತ್ತು ಹೊಳೆಯುವ ವೆಸ್ಟ್ ಕಡ್ಡಾಯ.

ಪಂಕ್ಚರ್ ಕಿಟ್, ಸಣ್ಣ ಪಂಪ್, ಜಂಪ್ ಕೇಬಲ್ ಗುಂಪಿಗೆ ಒಂದೊಂದು ಸಾಕು, ಅದು ಸ್ವೀಪ್ ಬಳಿ ಇರಲಿ. ಮುಂದೆ ಹೋದ ಲೀಡ್ ಬಳಿ ಇದ್ದರೆ ಹಿಂದೆ ಕೆಟ್ಟು ನಿಂತವರಿಗೆ ಪ್ರಯೋಜನವಿಲ್ಲ.

## ಹಂತ 8: ಹೊರಡುವ ಮುಂಚೆ ಇಲ್ಲೇ ಅಭ್ಯಾಸ

ಇಡೀ ಗುಂಪು ಒಟ್ಟಿಗೆ, ಲಗೇಜ್ ಕಟ್ಟಿಕೊಂಡು, ಒಂದು ವಾರಾಂತ್ಯ ಘಾಟಿ ಹತ್ತಬೇಕು. ಆಗುಂಬೆಯಲ್ಲಿ 14 ಹೇರ್‌ಪಿನ್ ಇವೆ. ಬೆಂಗಳೂರಿನವರಿಗೆ ಇದಕ್ಕಿಂತ ಉಪಯೋಗದ್ದು ತಮಿಳುನಾಡಿನ ಕೊಲ್ಲಿಮಲೈ, 70 ಹೇರ್‌ಪಿನ್. ಅದನ್ನು ಹತ್ತಿ ಇಳಿದಾಗ ಕೈ ನೋಯುವವರು, ಹಿಂದೆ ಉಳಿಯುವವರು, ಮಾತು ಕೇಳದವರು ಯಾರು ಅಂತ ತಾನಾಗಿ ಗೊತ್ತಾಗುತ್ತದೆ. ಮಾತು ಕೇಳದವರ ಬಗ್ಗೆ ಇಲ್ಲೇ ತೀರ್ಮಾನ ಮಾಡಿ.

## ಹಂತ 9: ಬಲಬದಿಯ ರಸ್ತೆ

ಮೊದಲ ಗಂಟೆ ಎಲ್ಲರೂ ಎಚ್ಚರವಾಗಿರುತ್ತಾರೆ. ತಪ್ಪಾಗುವುದು ಎರಡನೇ, ಮೂರನೇ ದಿನ. ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಹೊರಬರುವಾಗ, ಕಾಫಿ ಕುಡಿದು ಹೊರಟಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಟ್ಯಾಂಕಿನ ಮೇಲೆ ಬಲಕ್ಕೆ ಬಾಣದ ಸ್ಟಿಕ್ಕರ್ ಅಂಟಿಸಿ. ನಿಂತು ಹೊರಡುವಾಗಲೆಲ್ಲ ಲೀಡ್ ಇಂಟರ್‌ಕಾಮ್‌ನಲ್ಲಿ "ಬಲಕ್ಕೆ" ಅಂತ ಕೂಗಲಿ.

ವೃತ್ತದಲ್ಲಿ ಸುತ್ತುವುದು ನಮ್ಮ ದಿಕ್ಕಿಗೆ ತದ್ವಿರುದ್ಧ. ಫಲಕ, ಸಿಗ್ನಲ್ ಇಲ್ಲದ ಕೂಡು ರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅವರದ್ದು ಸಣ್ಣ ಗಲ್ಲಿ ಆದರೂ ಅಷ್ಟೇ. ಊರೊಳಗೆ ವೇಗದ ಮಿತಿ ಗಂಟೆಗೆ 50 ಕಿ.ಮೀ. ಊರಾಚೆ ಜರ್ಮನಿ, ಆಸ್ಟ್ರಿಯಾದಲ್ಲಿ 100, ಇಟಲಿಯಲ್ಲಿ 90, ಸ್ವಿಟ್ಜರ್ಲೆಂಡಿನಲ್ಲಿ 80. ಊರಿನ ಹೆಸರಿನ ಫಲಕ ಕಂಡರೆ 50 ಶುರುವಾಯಿತು ಅಂತ ಅರ್ಥ. ಜರ್ಮನಿ, ಆಸ್ಟ್ರಿಯಾದ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಾಗ ಕಾರುಗಳು ಎರಡೂ ಕಡೆ ಸರಿದು ನಡುವೆ ದಾರಿ ಬಿಡುತ್ತವೆ. ಅದು ಆಂಬ್ಯುಲೆನ್ಸ್‌ಗೆ. ಬೈಕ್ ನುಗ್ಗಿಸುವ ನಮ್ಮ ಅಭ್ಯಾಸ ಅಲ್ಲಿ ದಂಡಕ್ಕೆ ದಾರಿ.

ಕೆಂಪು ಅಂಚಿನ ಬಿಳಿ ದುಂಡು ಫಲಕದೊಳಗೆ ಬೈಕಿನ ಚಿತ್ರ ಇದ್ದರೆ ಆ ರಸ್ತೆ ಬೈಕಿಗೆ ಇಲ್ಲ. ಕೆಳಗೆ ಸಮಯ ಬರೆದಿರಬಹುದು, ವಾರಾಂತ್ಯಕ್ಕೆ ಮಾತ್ರ ಇರಬಹುದು. ಇಟಲಿಯ ಊರುಗಳ ಹಳೇ ಪೇಟೆಗೆ ಜಡ್‌ಟಿಎಲ್ ಎಂಬ, ಅನುಮತಿ ಇಲ್ಲದ ವಾಹನ ಹೋಗಬಾರದ ವಲಯ ಇರುತ್ತದೆ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ಹೋಟೆಲ್ ಹುಡುಕುತ್ತಾ ಒಳನುಗ್ಗಬೇಡಿ.

## ಹಂತ 10: ಗುಂಪಾಗಿ ಓಡಿಸುವುದು

ಲೀಡ್ ಹಿಂದೆಯೇ ಎಲ್ಲರಿಗಿಂತ ನಿಧಾನದವರು ಬರಲಿ. ಕೊನೆಗೆ ಹಾಕಿದರೆ ಅವರು ಮುಂದಿನವರನ್ನು ಹಿಡಿಯಲೆಂದು ಮೈಮರೆತು ಓಡಿಸುತ್ತಾರೆ. ನೇರ ರಸ್ತೆಯಲ್ಲಿ ಎಡ–ಬಲ ಹೆಣೆದ ಸಾಲು, ಘಾಟಿಯಲ್ಲಿ ಒಂದೇ ಸಾಲು. ತಿರುವಿನಲ್ಲಿ ಎಲ್ಲರಿಗೂ ಲೇನಿನ ಪೂರ್ತಿ ಅಗಲ ಬೇಕು.

ದಾರಿ ತಪ್ಪದಿರಲು ಈ ಪದ್ಧತಿ ಸಾಕು. ಕೂಡು ರಸ್ತೆ ಬಂದಾಗ ಲೀಡ್ ಹಿಂದಿನವರು ಸುರಕ್ಷಿತ ಜಾಗದಲ್ಲಿ ನಿಂತು, ಹೋಗಬೇಕಾದ ದಿಕ್ಕಿಗೆ ಕೈ ತೋರಿಸುತ್ತಾರೆ. ಉಳಿದವರು ದಾಟುತ್ತಾರೆ. ಸ್ವೀಪ್ ಕಾಣಿಸಿದಾಗ ನಿಂತವರು ಅವರ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ಕೂಡು ರಸ್ತೆಯಲ್ಲಿ ಈಗ ಎರಡನೆಯವರಾಗಿರುವವರ ಸರದಿ. ಆ ಹೊತ್ತಿಗೆ ಲೀಡ್ ಹಿಂದೆ ನಿಧಾನದವರು ಇರುವುದಿಲ್ಲ, ಹಾಗಾಗಿ ಮುಂದಿನ ನಿಲ್ದಾಣದಲ್ಲಿ ಅವರನ್ನು ಮತ್ತೆ ಮುಂದಕ್ಕೆ ತನ್ನಿ. ಇದರಲ್ಲಿ ಕನ್ನಡಿ ನೋಡುತ್ತಾ ಓಡಿಸುವ ಕಾಟ ಇಲ್ಲ. ಒಂದೇ ನಿಯಮ: ಸ್ವೀಪ್ ಬರುವವರೆಗೆ ನಿಂತ ಜಾಗ ಬಿಡಬಾರದು. ಇಪ್ಪತ್ತು ನಿಮಿಷ ಆದರೂ ಸರಿ.

ಓವರ್‌ಟೇಕ್ ಒಬ್ಬೊಬ್ಬರದ್ದು. ಮುಂದಿನವರು ದಾಟಿದರು ಅಂತ ಹಿಂದೆಯೇ ನುಗ್ಗಬಾರದು. ಅವರಿಗೆ ಕಂಡ ಖಾಲಿ ಜಾಗ ನಿಮಗೆ ಉಳಿದಿರುವುದಿಲ್ಲ.

## ಹಂತ 11: ಹೇರ್‌ಪಿನ್

ನಮ್ಮಲ್ಲಿ ಎಡಕ್ಕೆ ತಿರುಗುವ ಹೇರ್‌ಪಿನ್ ಬಿಗಿ, ಬಲಕ್ಕೆ ತಿರುಗುವುದು ಅಗಲ. ಅಲ್ಲಿ ಇದು ಉಲ್ಟಾ. ಬಲಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ನೀವು ಒಳಸುತ್ತಿನಲ್ಲಿರುತ್ತೀರಿ. ಜಾಗ ಕಡಿಮೆ, ಏರು ಕಡಿದು. ಸ್ಟೆಲ್ವಿಯೊದಲ್ಲಿ ಬೈಕ್ ಬೀಳುವ ಜಾಗ ಇದೇ.

ಹೀಗೆ ಮಾಡಿ. ತಿರುವಿಗೆ ಮುಂಚೆಯೇ ತಲೆ ಎತ್ತಿ ಮೇಲಿನ ರಸ್ತೆ ನೋಡಿ, ಯಾರಾದರೂ ಇಳಿದು ಬರುತ್ತಿದ್ದಾರೆಯೇ? ಬಸ್ಸು ಬರುತ್ತಿದ್ದರೆ ತಿರುವಿಗಿಂತ ಹಿಂದೆ, ನೇರ ಭಾಗದಲ್ಲಿ ನಿಂತುಬಿಡಿ. ಬಸ್ಸಿಗೆ ತಿರುವಿನ ಪೂರ್ತಿ ಅಗಲ ಬೇಕು. ರಸ್ತೆ ಖಾಲಿ ಇದ್ದರೆ ನಿಮ್ಮ ಲೇನಿನ ಎಡ ಅಂಚಿಗೆ, ನಡುಗೆರೆ ದಾಟದೆ ಬನ್ನಿ. ಮೊದಲ ಗೇರ್, ಭಾರೀ ಬೈಕಲ್ಲದಿದ್ದರೆ ಎರಡನೇದು. ಕ್ಲಚ್ ಅರ್ಧ ಹಿಡಿತದಲ್ಲಿ, ಆಕ್ಸಿಲರೇಟರ್ ಒಂದೇ ಸಮ, ಹಿಂದಿನ ಬ್ರೇಕ್ ಸ್ವಲ್ಪ ಒತ್ತಿ. ಕಣ್ಣು ಬಲ ಹೆಗಲಿನ ಮೇಲಿಂದ ಹೊರದಾರಿಯ ಕಡೆಗೆ. ಮುಂದಿನ ಚಕ್ರ ನೋಡಿದರೆ ಬೈಕ್ ಅಲ್ಲೇ ನಿಲ್ಲುತ್ತದೆ. ವಾಲಿದ ಬೈಕಿನ ಮುಂದಿನ ಬ್ರೇಕ್ ಹಿಡಿಯಲೇಬೇಡಿ.

ಎಡ ತಿರುವಿನ ಅಪಾಯ ಬೇರೆ. ಚಕ್ರ ನಿಮ್ಮ ಲೇನಿನಲ್ಲೇ ಇದ್ದರೂ ವಾಲಿದ ತಲೆ ನಡುಗೆರೆಯಾಚೆ ಚಾಚಿರುತ್ತದೆ. ಬಲ ಅಂಚಿಗೆ ಸರಿದೇ ತಿರುಗಿ. ಆಸ್ಟ್ರಿಯಾದ ಕೆಲವು ತಿರುವುಗಳಲ್ಲಿ ನಡುಗೆರೆಯ ಪಕ್ಕ ಬಿಳಿ ದುಂಡು ಗುರುತು ಬರೆದಿರುತ್ತಾರೆ. ಬೈಕಿನವರು ಅತ್ತ ಬರದಿರಲಿ ಅಂತಲೇ ಅದು.

ಇಳಿಯುವಾಗ ಗೇರ್‌ನಲ್ಲೇ ವೇಗ ಹಿಡಿದಿಡಿ. ಬ್ರೇಕ್ ಲಿವರ್ ಮೆತ್ತಗಾದರೆ, ಸುಟ್ಟ ವಾಸನೆ ಬಂದರೆ ತಕ್ಷಣ ನಿಂತು ಅರ್ಧ ಗಂಟೆ ಆರಲು ಬಿಡಿ. ರಸ್ತೆ ಬಿರುಕಿಗೆ ಸುರಿದ ಟಾರಿನ ಪಟ್ಟಿಗಳು ಬಿಸಿಲಿಗೂ ಮಳೆಗೂ ಜಾರುತ್ತವೆ. ದನ, ಸಗಣಿ ಅಲ್ಲೂ ಇವೆ, ಅದೊಂದು ನಮಗೆ ರೂಢಿಯೇ.

ಎತ್ತರದ ಘಾಟಿಯನ್ನು ಮಧ್ಯಾಹ್ನದೊಳಗೆ ದಾಟಿಬಿಡಿ. ಬೇಸಿಗೆಯ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಸ್ಟೆಲ್ವಿಯೊಗೆ ವಾರದ ದಿನ, ಬೆಳಗ್ಗೆ ಎಂಟರೊಳಗೆ ಹೊರಡಿ. ಹತ್ತರ ಮೇಲೆ ಸೈಕಲ್, ಕಾರು, ಕ್ಯಾಂಪರ್‌ಗಳ ಜಾತ್ರೆ.

## ಹಂತ 12: ಪೆಟ್ರೋಲ್

ಯಾರ ಟ್ಯಾಂಕ್ ಅರ್ಧ ಇದ್ದರೂ ಎಲ್ಲರೂ ಒಟ್ಟಿಗೆ ತುಂಬಿಸಿ. ಇಟಲಿಯಲ್ಲಿ "ಗಾಸೋಲಿಯೋ" ಅಂದರೆ ಡೀಸೆಲ್. ನಮಗೆ ಬೇಕಾದದ್ದು "ಬೆಂಜೀನಾ". ಗೊಂದಲ ಆದರೆ ನಳಿಕೆಯ ಮೇಲಿನ ಚಿಹ್ನೆ ನೋಡಿ: ದುಂಡು ಚಿಹ್ನೆಯಲ್ಲಿ ಇ5 ಅಥವಾ ಇ10 ಇದ್ದರೆ ಪೆಟ್ರೋಲ್, ಚೌಕದಲ್ಲಿ ಬಿ7 ಇದ್ದರೆ ಡೀಸೆಲ್. ಇಟಲಿಯ ಬಂಕಿನಲ್ಲಿ ಹುಡುಗ ಬಂದು ಹಾಕಿಕೊಡುವ ಪಂಪಿನ ದರ ಜಾಸ್ತಿ, ನಾವೇ ಹಾಕಿಕೊಳ್ಳುವ ಪಂಪಿಗೆ ಕಡಿಮೆ. ಆ ಯಂತ್ರ ಮೊದಲೇ ಒಂದು ದೊಡ್ಡ ಮೊತ್ತ ಕಾರ್ಡಿನಲ್ಲಿ ತಡೆಹಿಡಿಯಬಹುದು. ಅದು ಬಿಡುಗಡೆಯಾಗಲು ದಿನಗಳು ಹಿಡಿಯುತ್ತವೆ. ಕೈಯಲ್ಲಿ 20 ಯೂರೋ ನೋಟುಗಳಿರಲಿ.

## ಹಂತ 13: ಯಾವಾಗ ನಿಲ್ಲಿಸಬೇಕು

ಗುಂಪು ದಣಿದಿದೆ ಅನ್ನುವುದು ಮಾತಿನಲ್ಲಿ ಗೊತ್ತಾಗುವುದಿಲ್ಲ. ಇಂಡಿಕೇಟರ್ ಆಫ್ ಮಾಡಲು ಮರೆಯುತ್ತಾರೆ. ಸ್ಟ್ಯಾಂಡ್ ಹಾಕದೆ ಇಳಿಯಲು ಹೋಗುತ್ತಾರೆ. ಇಂಟರ್‌ಕಾಮ್‌ನಲ್ಲಿ ಹರಟೆ ನಿಂತುಹೋಗುತ್ತದೆ. ತಿರುವಿನಲ್ಲಿ ನಡುಗೆರೆ ಮುಟ್ಟತೊಡಗುತ್ತಾರೆ. ಇವುಗಳಲ್ಲಿ ಎರಡು ಕಂಡರೆ ಸ್ವೀಪ್ ನಿಲ್ಲಿಸಬೇಕು. ಲೀಡ್ ಚರ್ಚೆ ಮಾಡಬಾರದು.

ಅಪಘಾತವಾದರೆ ಎಲ್ಲ ದೇಶಗಳಲ್ಲೂ 112. ಆಸ್ಟ್ರಿಯಾದಲ್ಲಿ ಪರ್ವತ ರಕ್ಷಣೆಗೆ 140, ಸ್ವಿಟ್ಜರ್ಲೆಂಡಿನ ರೇಗಾ ಹೆಲಿಕಾಪ್ಟರ್‌ಗೆ 1414. ಜಾಗ ಹೇಳಲು ಘಾಟಿಯ ಹೆಸರು ಮತ್ತು ಹತ್ತಿರದ ಹೇರ್‌ಪಿನ್ ಸಂಖ್ಯೆ ಸಾಕು, ತಿರುವಿನ ಫಲಕದಲ್ಲಿ ಬರೆದಿರುತ್ತದೆ. ಇಬ್ಬರು ತಿರುವಿನ ಮೇಲೆ, ಕೆಳಗೆ ನಿಂತು ಬರುವ ವಾಹನಗಳನ್ನು ತಡೆಯಲಿ. ಹೆಲ್ಮೆಟ್ ತೆಗೆಯುವ ಗಡಿಬಿಡಿ ಬೇಡ. ಉಸಿರಾಟಕ್ಕೆ ತೊಂದರೆ ಇದ್ದರೆ ಮಾತ್ರ, ಇಬ್ಬರು ಸೇರಿ, ಕುತ್ತಿಗೆ ಅಲುಗದಂತೆ ತೆಗೆಯಿರಿ.

## ಹಂತ 14: ಮರಳಿಸುವುದು

ಬೈಕ್ ಪಡೆಯುವಾಗ ತೆಗೆದ ವಿಡಿಯೋ ಇಲ್ಲಿ ಬೇಕಾಗುತ್ತದೆ. ಬೈಕಿನ ಪಕ್ಕಕ್ಕೆ ಹಾಕುವ ಪ್ಯಾನಿಯರ್ ಪೆಟ್ಟಿಗೆಯ ಅಡಿಭಾಗ, ಲಿವರ್ ತುದಿ, ರಿಮ್ ಈ ಮೂರನ್ನೂ ಆವತ್ತೇ ಹತ್ತಿರದಿಂದ ಚಿತ್ರ ಮಾಡಿರಬೇಕು. ಟ್ಯಾಂಕ್ ತುಂಬಿಸಿ ಕೊಡಿ. ಕೊಟ್ಟ ಮೇಲೆ "ಹಾನಿ ಇಲ್ಲ" ಅಂತ ಸಹಿ ಹಾಕಿದ ಕಾಗದ ಪಡೆದೇ ಹೊರಡಿ.

ಊರಿಗೆ ಬಂದ ತಕ್ಷಣ ಖರ್ಚಿನ ಲೆಕ್ಕ ಮುಚ್ಚಬೇಡಿ. ವೇಗದ ಕ್ಯಾಮೆರಾ, ಜಡ್‌ಟಿಎಲ್ ದಂಡಗಳು ಮೊದಲು ಬಾಡಿಗೆ ಕಂಪನಿಗೆ ಹೋಗಿ, ಅವರ ಶುಲ್ಕವೂ ಸೇರಿ, ತಿಂಗಳುಗಳ ನಂತರ ನಿಮ್ಮ ಕಾರ್ಡಿಗೆ ಬರಬಹುದು. ಯಾವ ದಿನ ಯಾವ ನಂಬರಿನ ಬೈಕ್ ಯಾರು ಓಡಿಸಿದರು ಅಂತ ಬರೆದಿಟ್ಟ ಹಾಳೆಯನ್ನು ಲೆಕ್ಕ ಇಟ್ಟವರು ವರ್ಷದವರೆಗಾದರೂ ಬಿಸಾಡದಿರಲಿ. ನಡುವೆ ಬೈಕ್ ಅದಲು ಬದಲು ಮಾಡಿಕೊಂಡ ಗುಂಪಿನಲ್ಲಿ ದಂಡ ಯಾರದ್ದು ಅನ್ನುವ ಪ್ರಶ್ನೆಗೆ ಉತ್ತರ ಇರುವುದು ಆ ಹಾಳೆಯಲ್ಲಿ ಮಾತ್ರ.